ಖಾಲಿ ತೂಕ

ಕಪನೂರಿನ ತೊಗರಿ ಮಿಲ್ಲು, ರಾತ್ರಿ ಒಂಬತ್ತು.
ಕೀಬೋರ್ಡಿನ ಸಂದುಗಳಲ್ಲಿ ಬೇಳೆಯ ಧೂಳು,
ಊದಿದರೆ ಹಳದಿ ಹಾರುತ್ತದೆ.
ಹೊರಗೆ ತೂಕದ ಕಟ್ಟೆಗೆ ಹದಿನಾಲ್ಕು ಲಾರಿಗಳ ಸಾಲು.
ಒಳಗೆ ಮೂರು ವರ್ಷದ ತೂಕದ ಚೀಟಿಗಳು,
ಒಂದೊಂದೂ ಒಂದು ಫೈಲು.
ಅವನ್ನು ಓದಿಸುವ ಕೆಲಸ ನನ್ನದು.

ಮೊದಲ ಸಲ ಬರೆದಾಗ
ಒಂದು ಫೈಲು ಓದಿ ಮುಗಿಯುವವರೆಗೆ
ಇಡೀ ಯಂತ್ರ ಸುಮ್ಮನೆ ನಿಂತಿತ್ತು,
ಪಡಿತರದಂಗಡಿಯಲ್ಲಿ ಒಬ್ಬ ಮುದುಕಿಯ ಬೆರಳಚ್ಚು ಹತ್ತದೆ
ನಿಂತುಬಿಟ್ಟ ಸಾಲಿನ ಹಾಗೆ.

"ಹಂಗ್ಯಾಕ ನಿಂದರಸ್ತಿ ಜಗದೇವಿ?" ಎಂದ ರೇವಪ್ಪ,
ತೂಕದ ಕಟ್ಟೆಯವನು, ತೆರೆಯ ಕಡೆ ನೋಡದೆ.
"ನಾ ಒಬ್ಬಾಂವ, ಲಾರಿ ಹದಿನಾಕು.
ಒಂದರ ಮಾಲು ಇಳಿಯೂತನಕ ಅದರ ಮಗ್ಗಲಿಗೇ ಕುಂತ್ರ
ಮುಂಜಾನಿ ಆಗ್ತದ.
ಚೀಟಿ ಕೊಡು, ಒಳಗ ಬಿಡು, ಮುಂದಿನವನ್ನ ಕರಿ.
ಇಳಿಸಿದಾಂವ ತಾನೇ ಹಾರ್ನ್ ಹೊಡೀತಾನ."

ಕಾಲೇಜಿನಲ್ಲಿ ಮೂರು ತಾಸು ಹೇಳಿದ್ದನ್ನು
ಅವನು ಎಲೆ ಉಗುಳುವ ಮೊದಲೇ ಹೇಳಿ ಮುಗಿಸಿದ.

ಈಗ ಫೈಲು ಕೇಳಿದರೆ ಫೈಲು ಬರುವುದಿಲ್ಲ,
ಒಂದು ಮಾತು ಬರುತ್ತದೆ: ತರ್ತೀನಿ.
ಆ ಮಾತನ್ನೇ ಕಾಳೆಂದು ತೂಗಲು ಹೋದೆ ಒಮ್ಮೆ,
ಕಾಯಬೇಕೆಂಬ ಒಂದು ಪದ ಬಿಟ್ಟು.
ಕಂಪೈಲರ್ ಕೆಂಪು ಗೆರೆ ಎಳೆಯಿತು:
ಇದು ಅಂಕಿಯಲ್ಲ ತಾಯಿ, ಅಂಕಿ ಕೊಡುತ್ತೇನೆಂಬ ಮಾತು.
ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡ.

ಇನ್ನೊಮ್ಮೆ ಲಿಪಿ ಯಾವುದೆಂದು ಹೇಳಲು ಮರೆತೆ.
ಕಲಬುರಗಿ ಎಂದಿದ್ದಲ್ಲಿ ಬರೀ ಅಂಕಿಗಳು:
ಇನ್ನೂರಿಪ್ಪತ್ನಾಲ್ಕು, ನೂರಾ ಎಪ್ಪತ್ತೆಂಟು, ನೂರಾ ನಲವತ್ತೊಂಬತ್ತು.
ಇಷ್ಟೂ ಸೇರಿ ಒಂದು ಕ.
ಊರ ಹೆಸರು ಇಷ್ಟು ಭಾರವೆಂದು ಗೊತ್ತಿರಲಿಲ್ಲ.

ಪ್ರತಿ ಚೀಟಿಗೂ ಎರಡು ತೂಕ.
ಬಂದಾಗ ತುಂಬಿದ್ದು, ಹೋಗುವಾಗ ಖಾಲಿ.
ಕಳೆದರೆ ಉಳಿದದ್ದು ತೊಗರಿ.
ಖಾಲಿ ತೂಕ ಎಂದರೆ ಅಂಕಿ, ಅಥವಾ ಇಲ್ಲ,
ಹಾಗೆಂದು ನಾನೇ ಬರೆದಿದ್ದೆ.
ಕಂಪೈಲರ್ ಬಿಡಲಿಲ್ಲ: ಇಲ್ಲದಿದ್ದರೆ?
ರೇಗಿ ಒಂದು ಉದ್ಗಾರ ಚಿಹ್ನೆ ಒತ್ತಿದೆ.
ನನಗ ಗೊತ್ತದ, ಇದ್ದೇ ಇರ್ತದ, ನೀ ಸುಮ್ಕಿರು.
ಸುಮ್ಮನಾಯಿತು.

ಹನ್ನೊಂದು ಸಾವಿರ ಫೈಲು ಒಟ್ಟಿಗೆ ಹೊರಟವು.
ಯಾವುದು ಯಾವಾಗ ಬಂದರೂ
ಕರೆದ ಸರದಿಯಲ್ಲೇ ಕೂತವು.
ಭೀಮಬಾಯಿ ತಂದ ಚಹಾ ಆರುವುದರೊಳಗೆ ಒಟ್ಟು ಮೊತ್ತ ಬಂತು.
ಅಂಕಿಯಲ್ಲ.
ಹನ್ನೊಂದು ಸಾವಿರ ಲಾರಿ ತೊಗರಿ ಕೂಡಿದರೆ
ಅಂಕಿಯಲ್ಲ.

ಹುಡುಕಿದೆ. ಒಂದೇ ಒಂದು ಚೀಟಿ.
ಲಾಡ್ಲೇಸಾಬ, ಅಫಜಲಪುರದ ಲಾರಿ.
ತುಂಬಿದ ತೂಕ ಇದೆ.
ಖಾಲಿ ತೂಕದ ಜಾಗದಲ್ಲಿ ಸೊನ್ನೆಯೂ ಇಲ್ಲ.

"ಹೌದ, ಅಂವ," ರೇವಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ.
"ಮಾಲು ಇಳಿಸ್ದ. ಫೋನ್ ಬಂತು.
ಈಗ ಬಂದ್ ತೂಗಸ್ತೀನಿ ಅಂತ ಗಾಡಿ ತಿರುವಿಕೊಂಡ್ ಹೋದ.
ಆ ರಾತ್ರಿ ನಾ ಗೇಟ್ ಹಾಕಲಿಲ್ಲ."
ಯಾರ ಫೋನು?
"ಕೇಳ್ಲಿಲ್ಲ."

ಎರಡು ವರ್ಷ. ಆ ಮಾತು ನೆರವೇರಿಲ್ಲ,
ಮುರಿದೂ ಬಿದ್ದಿಲ್ಲ.
ಸೊನ್ನೆ ಹಾಕಿ ಮುಗಿಸಿ ಎಂದರು ಮಾಲಕರು.
ಸೊನ್ನೆ ಹಾಕಿದರೆ ಅವನ ಲಾರಿಯ ಕಬ್ಬಿಣವೂ
ಗಾಲಿಯೂ, ಸೀಟಿನ ಕೆಳಗಿನ ಬುತ್ತಿಯ ಡಬ್ಬಿಯೂ
ತೊಗರಿಯಾಗುತ್ತದೆ.

ಉದ್ಗಾರ ಅಳಿಸಿದೆ.
ಇಲ್ಲದಿದ್ದರೆ, ಎಂದು ಶುರುವಾಗುವ ಎರಡು ಸಾಲು ಬರೆದೆ.
ಅಂಥ ಚೀಟಿ ಮೊತ್ತಕ್ಕೆ ಸೇರುವುದಿಲ್ಲ,
ಅಳಿಸಿಯೂ ಹೋಗುವುದಿಲ್ಲ, ಪಕ್ಕಕ್ಕೆ ಕೂರುತ್ತದೆ.
ಅಲ್ಲಿ ಅದೊಂದೇ ಇದೆ.

ಹೊರಗೆ ಹಾರ್ನು.
ರೇವಪ್ಪ ಎದ್ದು ಕಿಟಕಿಗೆ ಹೋಗಿ
ದೀಪದ ಬೆಳಕಿಗೆ ಕೈ ಅಡ್ಡ ಹಿಡಿದು ನೋಡಿದ.
"ಇಂವ ಬ್ಯಾರೇದಾಂವ," ಎಂದು
ಮುಂದಿನ ಚೀಟಿ ಹರಿದ.